ಅಪ್ಪ ಅಮ್ಮನ ಜೊತೆ ಮೋಟರ್ ಹೋಮಿನಲ್ಲಿ ಕೆನಡಾಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ಬೇಸಿಗೆ ಬಂತೆಂದರೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಹತ್ತಿರದ್ದೆಲ್ಲ ನೋಡಿ ಆಗಿರುತ್ತದೆ. ಆಮೇಲೆ ಎಲ್ಲಿಗೆ? ನಾವು ಎರಡು ಬೇಸಿಗೆಯಲ್ಲಿ ಮೋಟರ್ ಹೋಂ, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ದೊಡ್ಡ ಗಾಡಿ, ಬಾಡಿಗೆಗೆ ತೆಗೆದುಕೊಂಡು ಗಡಿ ದಾಟಿ ಕೆನಡಾದ ಬೆಟ್ಟಗಳ ನಡುವಿನ ನ್ಯಾಷನಲ್ ಪಾರ್ಕುಗಳಾದ ಬಾನ್ಫ್, ಜಾಸ್ಪರ್ ಕಡೆಗೆ ಹೋಗಿ ಬಂದೆವು. ಮೊದಲ ಸಲ ನಾನು, ಹೆಂಡತಿ, ಮಗಳು, ನನ್ನ ಅಪ್ಪ ಅಮ್ಮ. ಎರಡನೇ ಸಲ ಅತ್ತೆ ಮಾವ. ಅಲ್ಲಿಂದ ಇಲ್ಲಿಯವರೆಗೆ ಸ್ನೇಹಿತರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಉತ್ತರ ಇಲ್ಲಿ ಬರೆದಿದ್ದೇನೆ.

ಕಾರು, ಹೋಟೆಲು ಸಾಕಲ್ವಾ? ಮೋಟರ್ ಹೋಂ ಯಾಕೆ?

ಇಬ್ಬರೇ ಹೋಗುವುದಾದರೆ ಕಾರೇ ಸಾಕು. ಖರ್ಚೂ ಕಡಿಮೆ. ಆದರೆ ಎಪ್ಪತ್ತರ ಹತ್ತಿರ ಇರುವ ಹಿರಿಯರನ್ನು ಕರೆದುಕೊಂಡು ಹೋಗುವಾಗ ಲೆಕ್ಕ ಬೇರೆ. ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಟಾಯ್ಲೆಟ್ ಬೇಕು, ಹೊತ್ತಿಗೆ ಸರಿಯಾಗಿ ಊಟ ಬೇಕು. ಅಮ್ಮ ಹೊರಗಿನ ತಿಂಡಿ ಮುಟ್ಟುವುದಿಲ್ಲ, ಮೊಟ್ಟೆಯ ವಾಸನೆ ಬಂದರೂ ಊಟ ಬಿಟ್ಟುಬಿಡುತ್ತಾಳೆ. ಕಾರಿನಲ್ಲಿ ಹೋದಾಗ ಇಬ್ಬರೂ ನಮಗೆ ತೊಂದರೆ ಆಗಬಾರದು ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರು. ಅದು ನನಗೆ ಗೊತ್ತಾಗಿದ್ದು ತಡವಾಗಿ. ಗೊತ್ತಾದ ಮೇಲೆ ಬಹಳ ಬೇಸರವಾಯಿತು.

ಮೋಟರ್ ಹೋಮಿನಲ್ಲಿ ಟಾಯ್ಲೆಟ್, ಒಲೆ, ಫ್ರಿಜ್, ಮಲಗಲು ಹಾಸಿಗೆ ಎಲ್ಲ ಜೊತೆಗೇ ಬರುತ್ತದೆ. ರಸ್ತೆ ಬದಿಯ ವ್ಯೂ ಪಾಯಿಂಟಿನಲ್ಲಿ ನಿಲ್ಲಿಸಿ, ಬಿಸಿ ಅನ್ನ ಸಾರು ಉಣ್ಣುತ್ತಾ ಹಿಮದ ಬೆಟ್ಟ ನೋಡಬಹುದು. ಮೊದಲ ದಿನ ಒಳಗೆ ಹತ್ತಿದ ಕೂಡಲೇ ಅಮ್ಮ, "ಇದೇನೋ, ಮನೆಗೇ ಗಾಲಿ ಹಾಕಿದಾರಲ್ಲೋ" ಅಂದಳು. ಪ್ರವಾಸದ ಉದ್ದಕ್ಕೂ ಇಬ್ಬರೂ ಮನಸ್ಸಿಗೆ ಬಂದಷ್ಟು ನೀರು ಕುಡಿದರು. ನನಗೆ ಅಷ್ಟೇ ಸಾಕಾಗಿತ್ತು.

ನಮ್ಮ ಮನೆಯಲ್ಲಿ ಯಾರಿಗೆ ಕೆನಡಾ ವೀಸಾ ಬೇಕು?

ಎಲ್ಲಕ್ಕಿಂತ ಮೊದಲು ಇದನ್ನು ನೋಡಿ. ಗಾಡಿ, ಕ್ಯಾಂಪು ಎಲ್ಲ ಆಮೇಲೆ.

ಅಮೆರಿಕದ ಪ್ರಜೆಗಳಿಗೆ ಪಾಸ್‌ಪೋರ್ಟ್ ಸಾಕು. ಭಾರತದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಇರುವವರಿಗೂ ವೀಸಾ ಬೇಡ, ಆದರೆ ಎರಡೂ ಕೈಯಲ್ಲಿರಬೇಕು, ಎರಡರ ಅವಧಿಯೂ ಮುಗಿದಿರಬಾರದು. ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಮನೆಯವರದು), ಎಫ್-1 (ವಿದ್ಯಾರ್ಥಿಗಳದು) ಇರುವ ಭಾರತೀಯರಿಗೆ ಕೆನಡಾದ ವಿಸಿಟರ್ ವೀಸಾ ಬೇಕೇ ಬೇಕು. ಪ್ರವಾಸಿ ವೀಸಾದಲ್ಲಿ ಬಂದಿರುವ ಅಪ್ಪ ಅಮ್ಮನಿಗೂ ಬೇಕು. "ಅಮೆರಿಕ ವೀಸಾ ಇದೆಯಲ್ಲ, ಅದೇ ನಡೆಯುತ್ತೆ" ಅಂತ ತುಂಬಾ ಜನ ನಂಬಿದ್ದಾರೆ. ಭಾರತದ ಪಾಸ್‌ಪೋರ್ಟಿಗೆ ಅದು ನಡೆಯುವುದಿಲ್ಲ.

ನನ್ನ ಸಲಹೆ ಇಷ್ಟು: ಹಿರಿಯರು ಊರಿನಲ್ಲಿ ಇರುವಾಗಲೇ ಕೆನಡಾ ವೀಸಾಕ್ಕೆ ಅರ್ಜಿ ಹಾಕಿಸಿ. ಅರ್ಜಿಗೆ ತಲಾ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೋಗೆ ಇನ್ನೂ 85. ಇಲ್ಲಿಗೆ ಬಂದ ಮೇಲೂ ಹಾಕಬಹುದು. ಆದರೆ ಒಪ್ಪಿಗೆ ಸಿಕ್ಕ ಮೇಲೆ ಸ್ಟಾಂಪಿಗೆ ಪಾಸ್‌ಪೋರ್ಟ್ ಕಳಿಸಬೇಕು, ಅದು ವಾಪಸ್ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಬೇಸಿಗೆ ಕಳೆದುಹೋಗುತ್ತದೆ. ಕೆನಡಾ ವೀಸಾ 10 ವರ್ಷದವರೆಗೂ ಕೊಡುತ್ತಾರೆ, ಪಾಸ್‌ಪೋರ್ಟಿನ ಅವಧಿಗಿಂತ ಜಾಸ್ತಿ ಕೊಡುವುದಿಲ್ಲ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಮೊದಲು ಅದನ್ನೇ ಹೊಸದು ಮಾಡಿಸುವುದು ಒಳ್ಳೆಯದು.

ಒಬ್ಬರ ಕಾಗದ ಸರಿ ಇಲ್ಲದಿದ್ದರೂ ಇಡೀ ಗಾಡಿ ಗಡಿಯಲ್ಲೇ ನಿಲ್ಲುತ್ತದೆ. ಹಾಗಾಗಿ ಮನೆಯವರೆಲ್ಲರ ಪಾಸ್‌ಪೋರ್ಟ್ ಮೇಜಿನ ಮೇಲೆ ಇಟ್ಟುಕೊಂಡು ಒಂದು ಸಂಜೆ ಕೂತು ನೋಡಿ.

ನನ್ನ ಪಾಸ್‌ಪೋರ್ಟಿನ ಎಚ್-1ಬಿ ವೀಸಾ ಸ್ಟಾಂಪಿನ ಅವಧಿ ಮುಗಿದಿದೆ. ಹೋದರೆ ವಾಪಸ್ ಬಿಡುತ್ತಾರಾ?

ಸಾಮಾನ್ಯವಾಗಿ ಬರಬಹುದು. ಇದಕ್ಕೆ ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಅಂತ ನಿಯಮ ಇದೆ. ಕೆನಡಾದಲ್ಲಿ 30 ದಿನ ಮೀರಿರಬಾರದು, ಬೇರೆ ದೇಶಕ್ಕೆ ಹೋಗಿರಬಾರದು, ಕೈಯಲ್ಲಿ ಅವಧಿ ಮುಗಿಯದ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ತೋರಿಸುವ ಪ್ರವೇಶ ದಾಖಲೆ) ಇರಬೇಕು. ಕೆನಡಾದಲ್ಲಿ ಇರುವಾಗ ಅಮೆರಿಕದ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಸವಲತ್ತು ಹೋಗುತ್ತದೆ. ಐ-94ರ ಪ್ರತಿ, ಐ-797 (ಎಚ್-1ಬಿ ಒಪ್ಪಿಗೆಯ ಪತ್ರ), ಇತ್ತೀಚಿನ ಸಂಬಳದ ಚೀಟಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಸ್ಟೇಟಸ್ ಬದಲಾವಣೆಯ ಅರ್ಜಿ ಇನ್ನೂ ನಡೆಯುತ್ತಿದ್ದರೆ ವಕೀಲರನ್ನು ಕೇಳದೆ ಹೊರಡಬೇಡಿ. ಒಂದು ಬೆಟ್ಟ ನೋಡುವ ಆಸೆಗೆ ವರ್ಷಗಳ ಕೆಲಸವನ್ನು ಅಪಾಯಕ್ಕೆ ಒಡ್ಡುವುದು ಬೇಡ.

ಕೆನಡಾಕ್ಕೆ ಹೋಗಿ ಬಂದರೆ ಅಪ್ಪ ಅಮ್ಮನಿಗೆ ಅಮೆರಿಕದಲ್ಲಿ ಇರಲು ಹೊಸದಾಗಿ ಆರು ತಿಂಗಳು ಸಿಗುತ್ತದಾ?

ಹಾಗೆ ಲೆಕ್ಕ ಹಾಕಬೇಡಿ. ಮೊದಲ ಐ-94ರಲ್ಲಿ ಇರುವ ತಾರೀಕೇ ನಿಮ್ಮ ತಾರೀಕು ಅಂದುಕೊಂಡು ಊರಿಗೆ ಟಿಕೆಟ್ ಮಾಡಿಸಿ.

ಬಾಡಿಗೆ ಗಾಡಿಯನ್ನು ಗಡಿ ದಾಟಿಸಬಹುದಾ?

ಬಹುತೇಕ ಕಂಪನಿಗಳು ಬಿಡುತ್ತವೆ, ಆದರೆ ಮೊದಲೇ ಹೇಳಿರಬೇಕು. ಬುಕ್ ಮಾಡುವಾಗಲೇ ಎರಡು ಕಾಗದ ಕೇಳಿ. ಒಂದು, ಕೆನಡಾಕ್ಕೆ ಒಯ್ಯಲು ಒಪ್ಪಿಗೆ ಇದೆ ಅಂತ ಬರವಣಿಗೆಯಲ್ಲಿ. ಇನ್ನೊಂದು, ಕೆನಡಾದಲ್ಲಿ ಇನ್ಶೂರೆನ್ಸ್ ಇದೆ ಎಂದು ತೋರಿಸುವ ಕಾರ್ಡು. ಸ್ವಂತ ಗಾಡಿಯಾದರೆ ಈ ಕಾರ್ಡನ್ನು ನಿಮ್ಮ ಇನ್ಶೂರೆನ್ಸ್ ಕಂಪನಿ ಕೊಡುತ್ತದೆ. ಗಾಡಿಯ ರಿಜಿಸ್ಟ್ರೇಶನ್ ಕಾಗದವೂ ಡ್ಯಾಶ್‌ಬೋರ್ಡಿನಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ.

ಮೊದಲ ಸಲ ನಮಗೆ ಇದೇ ಆಗಿದ್ದು. ಫೋನಿನಲ್ಲಿ "ಕೆನಡಾಕ್ಕೆ ಪರವಾಗಿಲ್ಲ" ಅಂದಿದ್ದರು. ಗಾಡಿ ತೆಗೆದುಕೊಳ್ಳಲು ಹೋದ ದಿನ ಕೌಂಟರಿನಲ್ಲಿ ಇದ್ದವರಿಗೆ ಆ ವಿಷಯವೇ ಗೊತ್ತಿರಲಿಲ್ಲ. ಪತ್ರ ಬರುವಷ್ಟರಲ್ಲಿ ಅರ್ಧ ದಿನ ಹೋಯಿತು. ಅಪ್ಪ ಅಮ್ಮ ಬಿಸಿಲಿನಲ್ಲಿ ಪಾರ್ಕಿಂಗಿನಲ್ಲಿ ಕೂತಿದ್ದರು. ಮಾತಿನಲ್ಲಿ ಹೇಳಿದ್ದನ್ನು ಅವತ್ತೇ ಇಮೇಲಿನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ದಾರಿಯೂ ಇದೆ. ಕಾರಿನಲ್ಲಿ ಗಡಿ ದಾಟಿ ವ್ಯಾಂಕೂವರ್ ಹತ್ತಿರ, ಇಲ್ಲವೇ ವಿಮಾನದಲ್ಲಿ ಹೋಗಿ ಕ್ಯಾಲ್ಗರಿಯಲ್ಲಿ ಮೋಟರ್ ಹೋಂ ತೆಗೆದುಕೊಳ್ಳುವುದು. ಕ್ಯಾಲ್ಗರಿಯಿಂದ ಬಾನ್ಫ್ ಸುಮಾರು 130 ಕಿಲೋಮೀಟರ್ ಅಷ್ಟೇ. ನಾಲ್ಕೈದು ದಿನ ಮಾತ್ರ ರಜೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಓಡಿಸಲು ಬೇರೆ ಲೈಸೆನ್ಸ್ ಬೇಕಾ? ಕಷ್ಟವಾ?

ಬಾಡಿಗೆಗೆ ಸಿಗುವ ಕ್ಲಾಸ್ ಸಿ ಮೋಟರ್ ಹೋಮಿಗೆ ಕಾರಿನ ಲೈಸೆನ್ಸೇ ಸಾಕು. ಇವು ಹೆಚ್ಚಾಗಿ 25 ಅಡಿ ಉದ್ದ, ಸುಮಾರು 12 ಅಡಿ ಎತ್ತರ ಇರುತ್ತವೆ. ಡ್ರೈವರ್ ಸೀಟಿನ ಮೇಲೆ ಒಂದು ಅಟ್ಟ ಚಾಚಿಕೊಂಡಿರುತ್ತದೆ. ಮಗಳು ಅದನ್ನೇ ತನ್ನ ಕೋಣೆ ಮಾಡಿಕೊಂಡಿದ್ದಳು. ಗಾಡಿಯ ಎತ್ತರವನ್ನು ಅಡಿಯಲ್ಲೂ ಮೀಟರಿನಲ್ಲೂ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ. ಕೆನಡಾದಲ್ಲಿ ಸೇತುವೆ, ಪೆಟ್ರೋಲ್ ಬಂಕುಗಳ ಎತ್ತರ ಮೀಟರಿನಲ್ಲಿ ಇರುತ್ತದೆ.

ಹೆದ್ದಾರಿಯಲ್ಲಿ ಓಡಿಸುವುದು ಕಷ್ಟ ಅಲ್ಲ. ತಿರುವು ಮತ್ತು ರಿವರ್ಸ್ ಕಷ್ಟ. ಹಿಂಭಾಗ ಗಾಲಿಗಿಂತ ಆಚೆ ಚಾಚಿರುವುದರಿಂದ ತಿರುಗಿಸುವಾಗ ಅದು ಹೊರಗೆ ಬೀಸುತ್ತದೆ. ಖಾಲಿ ಪಾರ್ಕಿಂಗಿನಲ್ಲಿ ಒಂದು ಗಂಟೆ ಅಭ್ಯಾಸ ಮಾಡಿ. ರಿವರ್ಸ್ ಹಾಕುವಾಗ ಒಬ್ಬರು ಇಳಿದು ಹಿಂದೆ ನಿಲ್ಲಲೇಬೇಕು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಬಿಸಿಯಾದ ಬ್ರೇಕ್ ಹಿಡಿಯುವುದಿಲ್ಲ. ಆಗುಂಬೆ ಘಾಟಿಯಲ್ಲಿ ಬಸ್ಸಿನವರು ಗೇರಿನಲ್ಲೇ ಇಳಿಸುತ್ತಾರಲ್ಲ, ಇಲ್ಲೂ ಹಾಗೆಯೇ ಲೋ ಗೇರಿಗೆ ಹಾಕಿ ನಿಧಾನವಾಗಿ ಇಳಿಸಬೇಕು.

ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು. ಅಮ್ಮಂದಿರು ಎದ್ದು ಕಾಫಿ ಮಾಡಲು ಹೊರಡುತ್ತಾರೆ, ಬಿಡಬೇಡಿ. ನಿಲ್ಲಿಸಿಯೇ ಮಾಡೋಣ ಅಂತ ಮೊದಲ ದಿನವೇ ಹೇಳಿಬಿಡಿ.

ಯಾವ ಗಡಿಯಲ್ಲಿ ದಾಟಬೇಕು?

ಸಿಯಾಟಲ್ ಕಡೆಯಿಂದ ಐ-5 ಹೆದ್ದಾರಿ ಹಿಡಿದು ನೇರ ಹೋದರೆ ಬ್ಲೇನ್‌ನ ಪೀಸ್ ಆರ್ಚ್ ಸಿಗುತ್ತದೆ. 1921ರಲ್ಲಿ ಕಟ್ಟಿದ ಬಿಳಿ ಕಮಾನು ಎರಡೂ ದೇಶಗಳ ಗಡಿಯ ಮೇಲೇ ನಿಂತಿದೆ. ನೋಡಲು ಚೆಂದ, ಆದರೆ ವಾರದ ಕೊನೆಯಲ್ಲಿ ಸಾಲು ಉದ್ದ. ಪಕ್ಕದಲ್ಲೇ ಪೆಸಿಫಿಕ್ ಹೈವೇ ಗಡಿ ಇದೆ, ಲಾರಿಗಳು ಅಲ್ಲಿಂದ ಹೋಗುತ್ತವೆ.

ಬಾನ್ಫ್ ಕಡೆ ಹೋಗುವವರಿಗೆ ನನ್ನ ಆಯ್ಕೆ ಸೂಮಸ್. ಪೂರ್ವಕ್ಕೆ ಇರುವ ಈ ಗಡಿ 24 ಗಂಟೆಯೂ ತೆರೆದಿರುತ್ತದೆ. ದಾಟಿದರೆ ಅಬಾಟ್ಸ್‌ಫರ್ಡ್ ಊರು, ಅಲ್ಲೇ ಟ್ರಾನ್ಸ್-ಕೆನಡಾ ಹೆದ್ದಾರಿ. ವ್ಯಾಂಕೂವರ್ ಕಡೆಯ ಟ್ರಾಫಿಕ್ಕಿನಲ್ಲಿ ಇಷ್ಟು ದೊಡ್ಡ ಗಾಡಿ ನುಗ್ಗಿಸುವ ಕೆಲಸ ತಪ್ಪುತ್ತದೆ. ಮಂಗಳವಾರ ಬೆಳಗ್ಗೆ ಬೇಗ ಹೋಗಿದ್ದೆವು, ಹೆಚ್ಚು ಕಾಯಲಿಲ್ಲ.

ಗಡಿಯಲ್ಲಿ ಏನು ಕೇಳುತ್ತಾರೆ?

ಎಲ್ಲಿಂದ ಬಂದಿರಿ, ಎಲ್ಲಿಗೆ, ಎಷ್ಟು ದಿನ, ಇವರೆಲ್ಲ ನಿಮಗೆ ಏನಾಗಬೇಕು, ಗಾಡಿ ಯಾರದು, ಮದ್ಯ, ಗಾಂಜಾ, ಬಂದೂಕು, ತಿನ್ನುವ ಸಾಮಾನು ಏನಿದೆ. ಅಷ್ಟೇ. ಡ್ರೈವರ್ ಒಬ್ಬರೇ ಉತ್ತರ ಕೊಡಿ, ಕೇಳಿದ್ದಕ್ಕೆ ಮಾತ್ರ. ಫೋನ್ ಕೆಳಗಿಡಿ, ಕಪ್ಪು ಕನ್ನಡಕ ತೆಗೆಯಿರಿ. ಮೋಟರ್ ಹೋಂ ಆದ್ದರಿಂದ ಒಳಗೆ ಹತ್ತಿ ಫ್ರಿಜ್, ಕಪಾಟು ತೆಗೆದು ನೋಡಬಹುದು. ಅದು ಅವರ ಮಾಮೂಲಿ ಕೆಲಸ, ಹೆದರಬೇಕಿಲ್ಲ. ಹಿರಿಯರಿಗೆ ಇದನ್ನು ಮೊದಲೇ ಹೇಳಿ. ಯೂನಿಫಾರ್ಮ್ ಹಾಕಿದವರು ಒಳಗೆ ಬಂದದ್ದು ನೋಡಿ ನನ್ನ ಅತ್ತೆ ಗಾಬರಿಯಾಗಿ ಎದ್ದು ನಿಂತುಬಿಟ್ಟಿದ್ದರು.

ಮಕ್ಕಳ ಜೊತೆ ಅಪ್ಪ ಅಥವಾ ಅಮ್ಮ ಒಬ್ಬರೇ ಹೋಗುತ್ತಿದ್ದರೆ, ಇನ್ನೊಬ್ಬರ ಸಹಿ ಇರುವ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ಅಡುಗೆ ಸಾಮಾನು ಎಷ್ಟು ಒಯ್ಯಬಹುದು? ಕರಿಬೇವು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು.

ಮೊದಲ ಮಾತು: ಏನಿದ್ದರೂ ಹೇಳಿಬಿಡಿ. ಹೇಳಿ ತೋರಿಸಿದರೆ ಹೆಚ್ಚೆಂದರೆ ಆ ಪದಾರ್ಥ ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ಹೆಸರೂ ಕೆಡುತ್ತದೆ. ವೀಸಾದಲ್ಲಿ ಇರುವವರಿಗೆ ಅದು ಸಣ್ಣ ವಿಷಯ ಅಲ್ಲ.

ಎರಡನೇ ಮಾತು: ಹಣ್ಣು, ತರಕಾರಿ, ಸೊಪ್ಪು ಒಯ್ಯಲೇಬೇಡಿ. ಯಾವುದಕ್ಕೆ ಬಿಡುತ್ತಾರೆ, ಯಾವುದಕ್ಕೆ ಇಲ್ಲ ಎನ್ನುವುದು ಬದಲಾಗುತ್ತಾ ಇರುತ್ತದೆ. ಮೊದಲ ಸಲ ಅಮ್ಮ ಕರಿಬೇವು, ನಿಂಬೆಹಣ್ಣು, ಬದನೆಕಾಯಿ ಎಲ್ಲ ಪೇಪರಿನಲ್ಲಿ ಸುತ್ತಿ ತಂದಿದ್ದಳು. ಗಡಿಯ ಹಿಂದಿನ ಊರಿನಲ್ಲೇ ಎಲ್ಲ ಬಿಡಬೇಕಾಯಿತು, ಅವಳಿಗೆ ಹೊಟ್ಟೆ ಉರಿಯಿತು. ಆದರೆ ದಾಟಿದ ಮೇಲೆ ಅಬಾಟ್ಸ್‌ಫರ್ಡ್ ನೋಡಿ ಅವಳ ಮುಖ ಅರಳಿತು. ನೂರು ವರ್ಷಕ್ಕೂ ಹಿಂದಿನಿಂದ ಪಂಜಾಬಿಗಳು ನೆಲೆಸಿರುವ ಊರು ಅದು. 1911ರಲ್ಲಿ ಕಟ್ಟಿದ ಗುರುದ್ವಾರ ಈಗಲೂ ಇದೆ, ಕೆನಡಾ ಸರ್ಕಾರ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಎಂದು ಗುರುತಿಸಿದೆ. ಊರಿನ ತುಂಬ ನಮ್ಮ ಕಡೆಯ ದಿನಸಿ ಅಂಗಡಿಗಳು. ಬೆಂಡೆಕಾಯಿ, ಮೆಂತ್ಯ ಸೊಪ್ಪು, ಹಸಿ ಮೆಣಸು, ಕೊತ್ತಂಬರಿ, ಮೊಸರು ಎಲ್ಲ ಸಿಗುತ್ತದೆ. ಆದ್ದರಿಂದ ಫ್ರಿಜ್ ಖಾಲಿ ಇಟ್ಟುಕೊಂಡೇ ಗಡಿ ದಾಟಿ, ಅಲ್ಲಿ ತುಂಬಿಸಿಕೊಳ್ಳಿ. ಮುಂದೆ ಬೆಟ್ಟದ ಊರುಗಳಲ್ಲಿ ಇವು ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಮನೆಯಿಂದ ನಾವು ಒಯ್ದದ್ದು ಒಣ ಪದಾರ್ಥ ಮಾತ್ರ: ಚಟ್ನಿಪುಡಿ, ಸಾರಿನ ಪುಡಿ, ಹುರಿದ ರವೆ, ಅವಲಕ್ಕಿ, ಗೊಜ್ಜವಲಕ್ಕಿ ಪುಡಿ, ಕಾಫಿಪುಡಿ. ಅಂಗಡಿಯ ಪ್ಯಾಕೆಟ್ಟಿನಲ್ಲೇ ಇದ್ದರೆ ಒಳ್ಳೆಯದು. ಹೆಸರಿಲ್ಲದ ಡಬ್ಬದ ಪುಡಿಗೆ ವಿವರಣೆ ಕೊಡುವುದು ಕಷ್ಟ. ನಾವು ಮನೆಯ ಚಟ್ನಿಪುಡಿ ಡಬ್ಬದ ಮೇಲೆ ಏನೇನು ಹಾಕಿದೆ ಎಂದು ಚೀಟಿ ಅಂಟಿಸಿದ್ದೆವು, ಅವರು ಓದಿ ವಾಪಸ್ ಇಟ್ಟರು.

ಬೇರೆ ಏನು ಒಯ್ಯಬಾರದು?

ಸೌದೆ ಬೇಡ, ಅದರ ಜೊತೆ ಮರ ತಿನ್ನುವ ಹುಳ ದಾಟುತ್ತದೆ. ಗಾಂಜಾ ನಮ್ಮ ವಾಷಿಂಗ್ಟನ್ ರಾಜ್ಯದಲ್ಲೂ ಕೆನಡಾದಲ್ಲೂ ಕಾನೂನುಬದ್ಧ, ಆದರೆ ಗಡಿ ದಾಟಿಸುವುದು ಎರಡೂ ಕಡೆ ಅಪರಾಧ. ಮನುಷ್ಯರ ಮೇಲೆ ಬಳಸುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷಿದ್ಧ. ಕರಡಿ ಸ್ಪ್ರೇಯನ್ನು ಅಲ್ಲಿಗೆ ಹೋಗಿಯೇ ಕೊಳ್ಳಿ. ಮದ್ಯ ತಲಾ 1.5 ಲೀಟರ್ ವೈನ್, ಇಲ್ಲವೇ 1.14 ಲೀಟರ್ ಲಿಕ್ಕರ್, ಇಲ್ಲವೇ 8.5 ಲೀಟರ್ ಬಿಯರ್ ಸುಂಕವಿಲ್ಲದೆ ಒಯ್ಯಬಹುದು. ಗಡಿ ದಾಟಿದ ಕೂಡಲೇ ಸಿಗುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 19 ವರ್ಷ ತುಂಬಿರಬೇಕು.

ಯಾವ ದಾರಿ? ಎಷ್ಟು ದಿನ ಬೇಕು?

ಸಿಯಾಟಲ್‌ನಿಂದ ಬಾನ್ಫ್ ಸುಮಾರು 950 ಕಿಲೋಮೀಟರ್. ಕಾರಿನಲ್ಲಿ ಒಂದೇ ದಿನಕ್ಕೆ ಓಡಿಸುವವರು ಇದ್ದಾರೆ. ದಯವಿಟ್ಟು ಮೋಟರ್ ಹೋಮಿನಲ್ಲಿ ಹಾಗೆ ಮಾಡಬೇಡಿ. ದಿನಕ್ಕೆ 250 ಕಿಲೋಮೀಟರ್ ದಾಟಬೇಡಿ ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಹೋಗಿ ಬರಲು ಕನಿಷ್ಠ 10 ದಿನ, 12 ಇದ್ದರೆ ಇನ್ನೂ ಚೆನ್ನ.

ನಾವು ಮಾಡಿದ್ದು ಹೀಗೆ. ಮೊದಲ ದಿನ ಗಡಿ ದಾಟಿ, ಸಾಮಾನು ಕೊಂಡು, ಹೋಪ್ ಎಂಬ ಊರಿನಲ್ಲಿ ತಂಗಿದೆವು. ಅಲ್ಲಿಂದ ಕಾಮ್‌ಲೂಪ್ಸ್‌ಗೆ ಎರಡು ದಾರಿ. ಕೋಕ್ವಿಹಾಲ ಹೆದ್ದಾರಿ ಬೇಗ, ಸುಮಾರು 200 ಕಿಲೋಮೀಟರ್. 1,244 ಮೀಟರ್ ಎತ್ತರಕ್ಕೆ ಹತ್ತುತ್ತದೆ, ಏರು ಇಳಿವು ಜೋರು. ಇನ್ನೊಂದು ಹಳೆಯ ದಾರಿ, ಫ್ರೇಸರ್ ನದಿಯ ಕಣಿವೆಯ ಪಕ್ಕ. ನಿಧಾನ, ಆದರೆ ತುಂಬಾ ಸುಂದರ. ದಾರಿಯಲ್ಲಿ ಲಿಟನ್ ಊರು ಬರುತ್ತದೆ. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ ಬಿಸಿಲು ದಾಖಲಾಯಿತು. ಮರುದಿನವೇ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ಕೆನಡಾ ಎಂದರೆ ಚಳಿ ಅಂದುಕೊಂಡಿದ್ದ ಅಪ್ಪನಿಗೆ ಇದನ್ನು ನಂಬಲು ಆಗಲಿಲ್ಲ.

ಕಾಮ್‌ಲೂಪ್ಸ್ ಸುತ್ತ ಒಣ ಗುಡ್ಡಗಳು, ಬೇಸಿಗೆಯಲ್ಲಿ ಚಿತ್ರದುರ್ಗದ ಬಿಸಿಲು. ಅಲ್ಲಿಂದ ಮೂರನೇ ದಿನ ರೆವೆಲ್‌ಸ್ಟೋಕ್, ಸುಮಾರು 210 ಕಿಲೋಮೀಟರ್. ನಡುವೆ ಕ್ರೆಗೆಲಕಿ ಎಂಬ ಪುಟ್ಟ ಜಾಗದಲ್ಲಿ ನಿಲ್ಲಿಸಿ. ಕೆನಡಾದ ಪೂರ್ವ ಪಶ್ಚಿಮವನ್ನು ಜೋಡಿಸಿದ ರೈಲು ಹಳಿಯ ಕೊನೆಯ ಮೊಳೆಯನ್ನು 1885ರ ನವೆಂಬರ್ 7ರಂದು ಹೊಡೆದದ್ದು ಅಲ್ಲೇ. ನನ್ನ ಮಾವ ರೈಲ್ವೆಯಲ್ಲಿ ಕೆಲಸ ಮಾಡಿದವರು. ಅಲ್ಲಿ ಹೋಗಿ ಹಳಿಯ ಪಕ್ಕ ಅರ್ಧ ಗಂಟೆ ನಿಂತಿದ್ದರು. ನಾವು ಯಾರೂ ಕರೆಯಲು ಹೋಗಲಿಲ್ಲ.

ನಾಲ್ಕನೇ ದಿನ ರೋಜರ್ಸ್ ಪಾಸ್ ದಾಟಿ, ಗೋಲ್ಡನ್ ದಾಟಿ, ಫೀಲ್ಡ್ ಹತ್ತಿರ ಸ್ಪೈರಲ್ ಟನಲ್‌ಗಳನ್ನು ನೋಡುವ ಕಟ್ಟೆ ಬರುತ್ತದೆ. 1909ರಲ್ಲಿ ತೆರೆದ ಸುರಂಗಗಳು. ಇಳಿಜಾರು ತೀರಾ ಜೋರಾಗಿದ್ದರಿಂದ ಬೆಟ್ಟದ ಒಳಗೇ ಹಳಿಯನ್ನು ಸುತ್ತಿಸಿದ್ದಾರೆ. ಉದ್ದದ ಗೂಡ್ಸ್ ಗಾಡಿ ಬಂದರೆ ಎಂಜಿನ್ ಸುರಂಗದಿಂದ ಹೊರಗೆ ಬಂದಿರುತ್ತದೆ, ಬಾಲ ಇನ್ನೂ ಒಳಗೆ ಹೋಗುತ್ತಾ ಇರುತ್ತದೆ. ಅಂದೇ ಸಂಜೆ ಬಾನ್ಫ್ ಪಾರ್ಕಿನೊಳಗಿನ ಲೇಕ್ ಲೂಯಿಸ್ ತಲುಪಬಹುದು. ಈ ದಾರಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಬುಕಿಂಗ್ ಮಾಡುವಾಗ ನೆನಪಿಡಿ.

ಐಸ್‌ಫೀಲ್ಡ್ಸ್ ಪಾರ್ಕ್‌ವೇ ಅಷ್ಟು ಚೆನ್ನಾಗಿದೆಯಾ?

ಇದೆ. ಇಡೀ ಪ್ರವಾಸದಲ್ಲಿ ಇದೊಂದು ರಸ್ತೆಗೆ ಎರಡು ದಿನ ಕೊಡಿ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಸುಮಾರು 230 ಕಿಲೋಮೀಟರ್. ಎರಡೂ ಬದಿ ಹಿಮದ ಬೆಟ್ಟಗಳು ಬಿಡದೆ ಜೊತೆಗೆ ಬರುತ್ತವೆ. ಬೋ ಪಾಸ್ 2,000 ಮೀಟರಿಗಿಂತ ಎತ್ತರ. ಅಲ್ಲಿಂದ ಕೆಳಗೆ ಪೇಟೋ ಸರೋವರ ಕಾಣುತ್ತದೆ. ಹಿಮನದಿ ಅರೆದ ಕಲ್ಲಿನ ನುಣುಪು ಹುಡಿ ನೀರಿನಲ್ಲಿ ತೇಲುವುದರಿಂದ ಅದಕ್ಕೆ ಆ ನೀಲಿ ಹಸಿರು ಬಣ್ಣ. ಅಮ್ಮ ಅದನ್ನು ನೋಡಿ "ನಮ್ಮ ಮದುವೆ ಸೀರೆ ಇದೇ ಬಣ್ಣ ಅಲ್ವೇನ್ರೀ" ಅಂತ ಅಪ್ಪನನ್ನು ಕೇಳಿದಳು.

ಮುಂದೆ ಅಥಬಾಸ್ಕ ಹಿಮನದಿ ರಸ್ತೆಗೆ ಹತ್ತಿರದಲ್ಲೇ ಕಾಣುತ್ತದೆ. ಕಳೆದ 125 ವರ್ಷದಲ್ಲಿ ಅದು ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಹಿಂದೆ ಸರಿದಿದೆ. ಯಾವ ವರ್ಷ ಎಲ್ಲಿಯವರೆಗೆ ಇತ್ತು ಅಂತ ಫಲಕಗಳನ್ನು ನೆಟ್ಟಿದ್ದಾರೆ. ನನ್ನ ಹುಟ್ಟಿದ ವರ್ಷದ ಆಸುಪಾಸಿನ ಫಲಕದಿಂದ ಈಗಿನ ಹಿಮದವರೆಗೆ ನಡೆದು ನೋಡಿದೆ. ಆ ದೂರ ನೋಡಿದಾಗ ಮನಸ್ಸು ಭಾರವಾಯಿತು. ಮಗಳಿಗೆ ಇದನ್ನು ಈಗಲೇ ತೋರಿಸಿದ್ದು ಒಳ್ಳೆಯದಾಯಿತು ಅನ್ನಿಸಿತು. ಹಿಮದ ಮೇಲೆ ಗೈಡ್ ಇಲ್ಲದೆ ಕಾಲಿಡಬೇಡಿ, ಬಿರುಕುಗಳು ಕಾಣುವುದಿಲ್ಲ.

ಈ ರಸ್ತೆಯ ಬಹುಪಾಲು ಫೋನ್ ಸಿಗ್ನಲ್ ಇಲ್ಲ. ನಡುವೆ ಪೆಟ್ರೋಲ್ ಇರುವುದು ಸಸ್ಕ್ಯಾಚವಾನ್ ಕ್ರಾಸಿಂಗ್ ಒಂದೇ ಕಡೆ, ಅದೂ ಚಳಿಗಾಲದಲ್ಲಿ ಇರುವುದಿಲ್ಲ. ಟ್ಯಾಂಕ್ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡೇ ಹೊರಡಿ.

ಮೊರೇನ್ ಲೇಕ್‌ಗೆ ಗಾಡಿ ಹೋಗುತ್ತದಾ?

ಇಲ್ಲ. ಲೇಕ್ ಲೂಯಿಸ್ ಹತ್ತಿರದ ಈ ಸರೋವರದ ರಸ್ತೆಗೆ 2023ರಿಂದ ಖಾಸಗಿ ವಾಹನ ಬಿಡುವುದಿಲ್ಲ. ನ್ಯಾಷನಲ್ ಪಾರ್ಕುಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆಯ ಶಟಲ್ ಬಸ್ಸಿಗೆ ಮೊದಲೇ ಬುಕ್ ಮಾಡಿ. ಲೇಕ್ ಲೂಯಿಸ್‌ಗೂ ಅದೇ ಶಟಲ್ ಒಳ್ಳೆಯದು, ದಡದಲ್ಲಿ ದೊಡ್ಡ ಗಾಡಿಗೆ ಜಾಗ ಸಿಗುವುದು ಕಷ್ಟ. ಯೋಹೋ ಪಾರ್ಕಿನ ಟಕಾಕಾ ಜಲಪಾತದ ರಸ್ತೆಯಲ್ಲಿ ತೀರಾ ಇಕ್ಕಟ್ಟಾದ ಹೇರ್‌ಪಿನ್ ತಿರುವುಗಳಿವೆ, ಮೊದಲ ಸಲ ಓಡಿಸುವವರು ಅದನ್ನು ಬಿಟ್ಟುಬಿಡಿ. ಬಾನ್ಫ್‌ನಲ್ಲಿ ಟನಲ್ ಮೌಂಟನ್ ಕ್ಯಾಂಪಿನಿಂದ ಊರೊಳಗೆ ಸಿಟಿ ಬಸ್ ಇದೆ. ಗಾಡಿ ಕ್ಯಾಂಪಿನಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿ.

ಕ್ಯಾಂಪಿನ ಜಾಗ ಯಾವಾಗ ಬುಕ್ ಮಾಡಬೇಕು?

ಜುಲೈನಲ್ಲಿ ಹೋಗಬೇಕೆಂದರೆ ವರ್ಷದ ಶುರುವಿನಲ್ಲೇ. ಪಾರ್ಕ್ಸ್ ಕೆನಡಾ ಒಂದೊಂದು ಪಾರ್ಕಿಗೆ ಒಂದೊಂದು ದಿನ ಬುಕಿಂಗ್ ತೆರೆಯುತ್ತದೆ. ಬಾನ್ಫ್, ಜಾಸ್ಪರ್ ಜಾಗಗಳು ಬೇಗ ಹೋಗಿಬಿಡುತ್ತವೆ. ಹಿರಿಯರು ಇದ್ದರೆ ಕರೆಂಟ್ ಇರುವ ಜಾಗವನ್ನೇ ತೆಗೆದುಕೊಳ್ಳಿ. ಜುಲೈನಲ್ಲೂ ರಾತ್ರಿ ಚಳಿ ಏಳೆಂಟು ಡಿಗ್ರಿಗೆ ಇಳಿಯುತ್ತದೆ, ಹೀಟರ್ ಬೇಕಾಗುತ್ತದೆ. ನ್ಯಾಷನಲ್ ಪಾರ್ಕುಗಳಲ್ಲಿ ರಸ್ತೆ ಬದಿ ನಿಲ್ಲಿಸಿ ಮಲಗುವಂತಿಲ್ಲ. ಪ್ರವೇಶದ ಪಾಸ್ ಬೇರೆ, ಕ್ಯಾಂಪಿನ ಬಾಡಿಗೆ ಬೇರೆ.

ಒಳಗೆ ಒಗ್ಗರಣೆ ಹಾಕಬಹುದಾ?

ಹಾಕಬಹುದು, ಆದರೆ ಮೊದಲು ಕಿಟಕಿ ತೆಗೆದು ಫ್ಯಾನ್ ಹಾಕಿ. ಇಲ್ಲದಿದ್ದರೆ ಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಕೂಗುತ್ತದೆ. ಮನೆಯಲ್ಲೇ ಒಗ್ಗರಣೆ ಪುಡಿ, ಹುಳಿಯ ಗೊಜ್ಜು ಮಾಡಿಟ್ಟುಕೊಂಡರೆ ಕೆಲಸ ಅರ್ಧ ಆಗುತ್ತದೆ. ಫ್ರಿಜ್ ವಿಷಯ ಒಂದು: ಹೆಚ್ಚಿನ ಬಾಡಿಗೆ ಗಾಡಿಗಳ ಫ್ರಿಜ್ ಗ್ಯಾಸಿನಲ್ಲೂ ಓಡುತ್ತದೆ, ಗಾಡಿ ಸಮತಟ್ಟಾಗಿ ನಿಂತಿದ್ದರೆ ಮಾತ್ರ ಸರಿಯಾಗಿ ತಣ್ಣಗಾಗುತ್ತದೆ. ನಾವು ಇಳಿಜಾರಿನಲ್ಲಿ ರಾತ್ರಿ ನಿಲ್ಲಿಸಿದ್ದೆವು, ಬೆಳಗ್ಗೆ ಮೊಸರೆಲ್ಲ ಹುಳಿ ಬಂದಿತ್ತು.

ಹೊರಗೆ ಮೇಜಿನ ಮೇಲೆ ಅಡುಗೆ ಮಾಡಿದರೆ, ಮುಗಿದ ಕೂಡಲೇ ಪಾತ್ರೆ, ಎಣ್ಣೆ, ಕಸ, ಪಾತ್ರೆ ತೊಳೆದ ನೀರು ಏನೂ ಹೊರಗೆ ಉಳಿಯಬಾರದು. ಇದು ಕರಡಿಯ ಜಾಗ. ಒಂದು ಸಲ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲುವ ಪರಿಸ್ಥಿತಿ ಬರುತ್ತದೆ. ಕಾಗೆಗೆ ಅನ್ನ ಇಡುವ ಅಭ್ಯಾಸ ಇರುವ ಹಿರಿಯರಿಗೆ ಇದನ್ನು ಪ್ರೀತಿಯಿಂದ ವಿವರಿಸಿ. ಕರಡಿ ಕಂಡರೆ 100 ಮೀಟರ್ ದೂರ, ಜಿಂಕೆ ಜಾತಿಯವು ಕಂಡರೆ 30 ಮೀಟರ್ ದೂರ ಇರಬೇಕು.

ಟಾಯ್ಲೆಟ್ಟಿನ ನೀರು ಎಲ್ಲಿಗೆ ಹೋಗುತ್ತದೆ? ಕೇಳಲು ಸಂಕೋಚ.

ಸಂಕೋಚ ಬೇಡ, ಎಲ್ಲರೂ ಕೇಳುತ್ತಾರೆ. ಗಾಡಿಯ ಕೆಳಗೆ ಮೂರು ಟ್ಯಾಂಕ್. ಒಂದು ಒಳ್ಳೆಯ ನೀರಿಗೆ, ಒಂದು ಸಿಂಕು ಮತ್ತು ಸ್ನಾನದ ನೀರಿಗೆ, ಒಂದು ಟಾಯ್ಲೆಟ್ಟಿಗೆ. ಎರಡು ಮೂರು ದಿನಕ್ಕೊಮ್ಮೆ ಖಾಲಿ ಮಾಡಬೇಕು. ಕೆನಡಾದಲ್ಲಿ ಆ ಜಾಗಕ್ಕೆ ಸಾನಿ-ಡಂಪ್ ಅಂತ ಬೋರ್ಡ್ ಇರುತ್ತದೆ. ಕೈಗವಸು ಹಾಕಿ, ಪೈಪ್ ಸರಿಯಾಗಿ ಸಿಕ್ಕಿಸಿ, ಮೊದಲು ಟಾಯ್ಲೆಟ್ ಟ್ಯಾಂಕ್ ಬಿಡಿ. ಆಮೇಲೆ ಸ್ನಾನದ ನೀರು ಬಿಟ್ಟರೆ ಪೈಪು ತಾನಾಗಿ ತೊಳೆದುಹೋಗುತ್ತದೆ. ಹತ್ತು ನಿಮಿಷದ ಕೆಲಸ.

ನಮ್ಮವರಿಗೆ ನೀರು ಬೇಕು, ಪೇಪರ್ ಸಾಲುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಒಳಗೆ ಇಡಿ. ಅದರಿಂದ ಟ್ಯಾಂಕ್ ಸ್ವಲ್ಪ ಬೇಗ ತುಂಬುತ್ತದೆ, ಬೇರೆ ತೊಂದರೆ ಇಲ್ಲ. ಸ್ನಾನವನ್ನು ಕ್ಯಾಂಪಿನ ಬಾತ್‌ರೂಮಿನಲ್ಲೇ ಮಾಡಿದರೆ ನೀರು ಉಳಿಯುತ್ತದೆ.

ಪೆಟ್ರೋಲ್ ಖರ್ಚು?

ಗಾಡಿಯ ಭಾರ, ಏರು ಎಲ್ಲ ಸೇರಿ 100 ಕಿಲೋಮೀಟರಿಗೆ 25 ಲೀಟರ್ ಅಂತ ಲೆಕ್ಕ ಇಡಿ. ಜಾಸ್ಪರ್‌ವರೆಗೆ ಹೋಗಿ ಬಂದು ಅಲ್ಲಲ್ಲಿ ಸುತ್ತಿದರೆ 2,400 ಕಿಲೋಮೀಟರ್, ಅಂದರೆ 600 ಲೀಟರ್. ಗಡಿಗೆ ಮೊದಲು ಅಮೆರಿಕದಲ್ಲೇ ಟ್ಯಾಂಕ್ ತುಂಬಿಸಿ. ಬಾನ್ಫ್, ಜಾಸ್ಪರ್ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಸಾಮಾನ್ಯವಾಗಿ ಬ್ರಿಟಿಷ್ ಕೊಲಂಬಿಯಾಕ್ಕಿಂತ ಅಗ್ಗ.

ಕಾಡ್ಗಿಚ್ಚಿನ ಭಯ ಇದೆಯಾ?

ಇದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಜುಲೈನಲ್ಲಿ ಜಾಸ್ಪರ್ ಊರಿನ ಸುಮಾರು ಮೂರನೇ ಒಂದು ಭಾಗ ಬೆಂಕಿಗೆ ಹೋಯಿತು. ದಿನಾ ಬೆಳಗ್ಗೆ ಡ್ರೈವ್‌ಬಿಸಿ (ಬ್ರಿಟಿಷ್ ಕೊಲಂಬಿಯಾದ್ದು) ಮತ್ತು 511 ಆಲ್ಬರ್ಟಾ ವೆಬ್‌ಸೈಟುಗಳನ್ನು ನೋಡಿ, ರಸ್ತೆ ಮುಚ್ಚಿದ್ದರೆ ಅಲ್ಲಿ ಗೊತ್ತಾಗುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಕ್ಯಾಂಪ್ ಫೈರ್ ನಿಷೇಧ ಇದ್ದರೆ ಪಾಲಿಸಿ. ಹೊಗೆ ಜಾಸ್ತಿ ಇದ್ದು ಹಿರಿಯರಿಗೆ ಉಬ್ಬಸ ಇದ್ದರೆ ಪ್ರವಾಸ ಮೊಟಕು ಮಾಡಿ ವಾಪಸ್ ಬನ್ನಿ.

ಅಲ್ಲಿ ಹುಷಾರು ತಪ್ಪಿದರೆ?

ತುರ್ತಿಗೆ ನಂಬರ್ ಅಲ್ಲೂ 911. ಕೆನಡಾದಲ್ಲಿ ಆಸ್ಪತ್ರೆ ಉಚಿತ ಎನ್ನುವುದು ಅಲ್ಲಿನವರಿಗೆ, ಪ್ರವಾಸಿಗಳಿಗೆ ಅಲ್ಲ. ಅಪ್ಪ ಅಮ್ಮನಿಗೆ ಮಾಡಿಸಿದ ವಿಸಿಟರ್ ಇನ್ಶೂರೆನ್ಸ್ ಕೆನಡಾದಲ್ಲೂ ನಡೆಯುತ್ತದಾ ಅಂತ ಹೊರಡುವ ಮುಂಚೆ ಕೇಳಿ ಖಚಿತ ಮಾಡಿಕೊಳ್ಳಿ. ಮಾತ್ರೆಗಳು ಮೂಲ ಪ್ಯಾಕಿನಲ್ಲೇ ಇರಲಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಬೇಕಾದದ್ದಕ್ಕಿಂತ ಒಂದು ವಾರದ್ದು ಹೆಚ್ಚು ಇಟ್ಟುಕೊಳ್ಳಿ.

ವಾಪಸ್ ಬರುವಾಗ ಏನು ನೋಡಿಕೊಳ್ಳಬೇಕು?

ಅಮೆರಿಕ ಗಡಿಯಲ್ಲೂ ಇದೇ ನಿಯಮ, ತಿನ್ನುವ ಸಾಮಾನನ್ನೆಲ್ಲ ಹೇಳಬೇಕು. ಕರಿಬೇವು, ನಿಂಬೆ ಜಾತಿಯ ಹಣ್ಣು ಮುಖ್ಯವಾಗಿ ತರಬೇಡಿ. ಅವುಗಳ ಜೊತೆ ಬರುವ ಕೀಟ ಇಲ್ಲಿನ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ. ಕೊನೆಯ ರಾತ್ರಿ ಉಳಿದ ತರಕಾರಿಯನ್ನೆಲ್ಲ ಸೇರಿಸಿ ಬಿಸಿಬೇಳೆ ಬಾತ್ ಮಾಡಿಬಿಡಿ, ನಾವು ಎರಡು ಸಲವೂ ಅದನ್ನೇ ಮಾಡಿದ್ದು. ಟ್ಯಾಂಕುಗಳನ್ನು ಹೋಪ್ ಅಥವಾ ಅಬಾಟ್ಸ್‌ಫರ್ಡ್ ಹತ್ತಿರವೇ ಖಾಲಿ ಮಾಡಿ. ಗಾಡಿ ಕೊಡುವ ದಿನದ ಬೆಳಗ್ಗೆ ಅದಕ್ಕೆ ಸಮಯ ಸಿಗುವುದಿಲ್ಲ. ಪಾಸ್‌ಪೋರ್ಟ್, ಐ-94 ಇರುವ ಫೋಲ್ಡರ್ ಡ್ರೈವರ್ ಪಕ್ಕದವರ ಮಡಿಲಲ್ಲಿ ಇರಲಿ. ನಮ್ಮ ಗಾಡಿಯಲ್ಲಿ ಆ ಕೆಲಸ ಅಪ್ಪನದು. ಸೂಮಸ್ ಬರುವ ಅರ್ಧ ಗಂಟೆ ಮೊದಲೇ ಐದು ಪಾಸ್‌ಪೋರ್ಟ್ ಜೋಡಿಸಿ ಕೈಯಲ್ಲಿ ಹಿಡಿದು ಕೂತಿದ್ದರು. ಕಿಟಕಿ ಇಳಿಸಿದಾಗ ಆಫೀಸರ್ "ಟ್ರಿಪ್ ಹೇಗಿತ್ತು?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅಮ್ಮ ಕನ್ನಡದಲ್ಲೇ ಹೇಳಿದಳು, "ತುಂಬಾ ಚೆನ್ನಾಗಿತ್ತು."